ಪಟ್ಟೆ ನಿಂತಿತ್ತು, ಹಾಡು ಜಗ್ಗುತ್ತಿತ್ತು: ಅಮೆರಿಕದಿಂದ ಬಂದ ಒಂದು ಟರ್ನ್‌ಟೇಬಲ್ ಪ್ರಕರಣ

ಮೇಷ್ಟ್ರು ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಡಿಸೆಂಬರ್ ತಿಂಗಳು, ಬೆಳಿಗ್ಗೆ ಒಂಬತ್ತೂವರೆ. ಆಟೋದಿಂದ ಇಳಿದವರ ಕೈಯಲ್ಲಿ ಹಳೇ ಬೆಡ್‌ಶೀಟಿನ ಗಂಟು. ಹೆಗಲಿಗೆ ಬಟ್ಟೆ ಚೀಲ, ಅದರಲ್ಲಿ ಇಟ್ಟಿಗೆ ತೂಕದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ಗಂಟು ಬಿಚ್ಚಿದೆ. ಒಳಗೆ 1970ರ ದಶಕದ ಒಂದು ಚೆಂದದ ಟರ್ನ್‌ಟೇಬಲ್, ಅಂದರೆ ಎಲ್‌ಪಿ ರೆಕಾರ್ಡ್ ಹಾಕೋ ಪ್ಲೇಯರ್. ಮರದ ಪೆಟ್ಟಿಗೆ, ಭಾರವಾದ ಅಲ್ಯೂಮಿನಿಯಂ ತಟ್ಟೆ, ಮೋಟಾರು ಬೆಲ್ಟಿನಿಂದ ತಟ್ಟೆ ತಿರುಗಿಸೋ ಬೆಲ್ಟ್ ಡ್ರೈವ್. ದಾವಣಗೆರೆಯಲ್ಲಿ ಇಂಥ ಮಾಲು ರಿಪೇರಿಗೆ ಬರೋದು ಅಪರೂಪ. ನಮ್ಮ ಕಡೆ ಬರೋದೆಲ್ಲ ಆಂಪ್ಲಿಫೈಯರ್, ಮದುವೆ ಮನೆ ಮೈಕ್ ಸೆಟ್ಟು, ಆಗೊಮ್ಮೆ ಈಗೊಮ್ಮೆ ಅಜ್ಜನ ಕಾಲದ ರೇಡಿಯೋ.

"ಅಳಿಯಂದ್ರು ಅಮೆರಿಕದಿಂದ ತಂದಿದ್ದಪ್ಪ. ಹಾಡು ಜಗ್ಗುತ್ತೆ. ಬೆಳಿಗ್ಗೆ ಹೊತ್ತು ಜಾಸ್ತಿ, ಮಧ್ಯಾಹ್ನ ಸ್ವಲ್ಪ ಕಮ್ಮಿ," ಅಂದರು.

ಅವರು ಸಂಗೀತದ ಮೇಷ್ಟ್ರು, ನಿವೃತ್ತರು, ವಿದ್ಯಾನಗರದಲ್ಲಿ ಮನೆ. ಹಳೇ ಎಲ್‌ಪಿಗಳು ಅರವತ್ತರ ಹತ್ತಿರ ಇವೆಯಂತೆ. ಅವರ ಮಾತಿನಲ್ಲಿ ಅವು ಈಗಲೂ "ಪ್ಲೇಟು"ಗಳೇ. ನನ್ನ ಹತ್ತಿರ ಬರೋ ಮುಂಚೆ ಇನ್ನೊಂದು ಕಡೆ ತೋರಿಸಿದ್ದರು. ಅಲ್ಲಿ ಹೊಸ ಬೆಲ್ಟ್ ಹಾಕಿದ್ದಾರೆ. ಆಮೇಲೂ ಸರಿಹೋಗದಿದ್ದಾಗ "ನಿಮ್ಮ ಏರಿಯಾದಲ್ಲಿ ವೋಲ್ಟೇಜ್ ಇಲ್ಲ" ಅಂತ ಸ್ಟೆಬಿಲೈಸರ್ ಒಂದನ್ನು ಕೊಡಿಸಿದ್ದಾರೆ. ಅದೂ ಪ್ರಯೋಜನಕ್ಕೆ ಬಂದಿರಲಿಲ್ಲ.

ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ವ್ಯತ್ಯಾಸ ಇದೆ ಅಂದ ಕೂಡಲೇ ನನ್ನ ಗಮನ ಬೇರಿಂಗ್ ಕಡೆ ಹೋಯಿತು. ಸ್ವಿಚ್ ಹಾಕಿ ನೋಡಿದೆ. ಮೋಟಾರು ಸಲೀಸಾಗಿ ತಿರುಗುತ್ತಿದೆ, ಬೆಲ್ಟ್ ಮಾತ್ರ ಪುಲ್ಲಿ ಮೇಲೆ ಜಾರಿ ಜಾರಿ ಹಿಡಿಯುತ್ತಿದೆ. ತಟ್ಟೆ ಒಂದು ಸುತ್ತು ಬರೋದಕ್ಕೆ ತಿಣುಕುತ್ತಿದೆ. ಬೆಲ್ಟ್ ಬಿಚ್ಚಿ ತಟ್ಟೆಯನ್ನು ಬೆರಳಿನಿಂದ ತಿರುಗಿಸಿದೆ. ಆರೋಗ್ಯವಾಗಿರೋ ತಟ್ಟೆ ಹಾಗೆ ಬಿಟ್ಟರೆ ಅರ್ಧ ನಿಮಿಷವಾದರೂ ತನ್ನಷ್ಟಕ್ಕೆ ತಿರುಗುತ್ತಿರಬೇಕು. ಇದು ಎರಡು ಸುತ್ತಿಗೆ ನಿಂತಿತು. ದೊಡ್ಡ ತಟ್ಟೆಯ ಕೆಳಗಿರೋ, ಬೆಲ್ಟ್ ಸುತ್ತಿಕೊಳ್ಳೋ ಒಳತಟ್ಟೆಯನ್ನು ಮೇಲಕ್ಕೆ ಎಳೆದೆ. ಅದು ತಿರುಗೋ ಕಡ್ಡಿಯ ತುಂಬ ಬೆಳ್ಳಗೆ, ತುಪ್ಪ ಹೆಪ್ಪುಗಟ್ಟಿದ ಹಾಗೆ ಏನೋ ಮೆತ್ತಿಕೊಂಡಿದೆ. ಮೂಸಿ ನೋಡಿದೆ. ಕೊಬ್ಬರಿ ಎಣ್ಣೆ!

"ಏನ್ ಮೇಷ್ಟ್ರೇ ಇದು?"

"ಕಿರುಗುಡ್ತಿತ್ತು ಕಣಪ್ಪ. ಮನೇಲಿ ಇದ್ದ ಎಣ್ಣೆ ಎರಡು ಹನಿ ಬಿಟ್ಟೆ."

ಎರಡು ಹನಿ ಅಲ್ಲ, ಎರಡು ಚಮಚ ಇತ್ತು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪಾಗೋದಕ್ಕೆ ಶುರುವಾಗುತ್ತೆ. ನಮ್ಮೂರಿನ ಡಿಸೆಂಬರ್ ಬೆಳಗಿನಲ್ಲಿ ಬಚ್ಚಲು ಮನೆ ಬಾಟಲಿಯಲ್ಲಿ ಏನಾಗುತ್ತೋ ಬೇರಿಂಗಿನಲ್ಲೂ ಅದೇ ಆಗಿದೆ. ಬಿಸಿಲೇರಿದ ಮೇಲೆ ಕರಗುತ್ತೆ, ತಟ್ಟೆ ಹಗುರ ಆಗುತ್ತೆ. ಬೆಳಿಗ್ಗೆ ಜಾಸ್ತಿ, ಮಧ್ಯಾಹ್ನ ಕಮ್ಮಿ ಅನ್ನೋದರ ಗುಟ್ಟು ಇಷ್ಟೇ. ಕಡ್ಡಿಯನ್ನೂ ಬುಷ್ಷನ್ನೂ ಪೆಟ್ರೋಲಿನಲ್ಲಿ ತೊಳೆದೆ, ತಳದಲ್ಲಿರೋ ಸ್ಟೀಲ್ ಗುಂಡನ್ನು ಒರೆಸಿದೆ, ಹೊಲಿಗೆ ಮಷೀನಿನ ಎಣ್ಣೆ ನಾಲ್ಕು ಹನಿ ಬಿಟ್ಟೆ. ಬೆಲ್ಟಿಗೂ ಪುಲ್ಲಿಗೂ ತಾಗಿದ್ದ ಜಿಡ್ಡನ್ನು ಸ್ಪಿರಿಟ್‌ನಲ್ಲಿ ಒರೆಸಿದೆ. ಈಗ ತಟ್ಟೆ ಬಿಟ್ಟರೆ ನಿಲ್ಲೋದೇ ಇಲ್ಲ.

ಸ್ಪೀಡ್ ಸರಿ ಇದೆಯಾ ಅಂತ ನೋಡಬೇಕಲ್ಲ. ಅಳಿಯಂದಿರು ಟರ್ನ್‌ಟೇಬಲ್ ಜೊತೆಗೇ ಒಂದು ಸ್ಟ್ರೋಬ್ ಕಾರ್ಡನ್ನೂ ಕಳಿಸಿದ್ದರು. ದುಂಡನೆಯ ರಟ್ಟು, ಅಂಚಿನ ಸುತ್ತ ಕಪ್ಪು ಬಿಳಿ ಪಟ್ಟೆ. ತಟ್ಟೆ ಮೇಲೆ ಇಟ್ಟು ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿದರೆ, ಸ್ಪೀಡ್ ಸರಿ ಇದ್ದಾಗ ಪಟ್ಟೆ ನಿಂತ ಹಾಗೆ ಕಾಣುತ್ತೆ. ಜಾಸ್ತಿ ಇದ್ದರೆ ಮುಂದಕ್ಕೆ ತೆವಳುತ್ತೆ, ಕಮ್ಮಿ ಇದ್ದರೆ ಹಿಂದಕ್ಕೆ. ಇದು ಎಲ್‌ಇಡಿ ಬಲ್ಬಿನಲ್ಲಿ ಸಾಮಾನ್ಯವಾಗಿ ಕಾಣಲ್ಲ, ಯಾಕಂದ್ರೆ ಒಳ್ಳೆ ಎಲ್‌ಇಡಿ ಕರೆಂಟಿನ ತಾಳಕ್ಕೆ ಮಿನುಗೋದಿಲ್ಲ. ಅದಕ್ಕೇ ಅಂಗಡಿಯಲ್ಲಿ ಹಳೇ ಚೋಕ್‌ನ ಟ್ಯೂಬ್‌ಲೈಟ್ ಒಂದನ್ನು ಬೇಕಂತಲೇ ಉಳಿಸಿಕೊಂಡಿದ್ದೇನೆ. ಕಾರ್ಡ್ ಇಟ್ಟೆ. ಪಟ್ಟೆ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತು. ಐದು ನಿಮಿಷ ನೋಡಿದೆ, ಕೂದಲೆಳೆಯಷ್ಟೂ ಅಲುಗಲಿಲ್ಲ. ಖುಷಿ ಆಯ್ತು. 350 ರೂಪಾಯಿ ತಗೊಂಡು ಕಳಿಸಿದೆ.

ಮೂರನೇ ದಿನ ಅದೇ ಆಟೋ. ಈ ಸಲ ಟರ್ನ್‌ಟೇಬಲ್ ಜೊತೆಗೆ ಹಾರ್ಮೋನಿಯಂ.

ಮೇಷ್ಟ್ರು ಜಗಳಕ್ಕೆ ಬಂದವರಲ್ಲ. ಸ್ಟೂಲ್ ಮೇಲೆ ಕೂತರು, ಹಾರ್ಮೋನಿಯಂ ಪೆಟ್ಟಿಗೆ ತೆಗೆದರು, ಫೋನ್ ಹೊರಗೆ ತೆಗೆದು ಒಂದು ವಚನ ಹಚ್ಚಿದರು. ಅದೇ ವಚನ ಅವರ ಎಲ್‌ಪಿಯಲ್ಲೂ ಇದೆ, ಅದೇ ಗಾಯಕರು, ಅದೇ ಧ್ವನಿಮುದ್ರಣ. ಫೋನಿನಲ್ಲಿ ತಂಬೂರಿ ಶುರುವಾದ ಕೂಡಲೇ ಎಡಗೈಯಲ್ಲಿ ತಿದಿ ಒತ್ತಿ, ಬಲಗೈ ಬೆರಳನ್ನು ಕಪ್ಪು ಎರಡರ ಮೇಲೆ ಇಟ್ಟರು. ಷಡ್ಜ ಸರಿಯಾಗಿ ಕೂತಿತು. ಆಮೇಲೆ ಪ್ಲೇಟು ಹಾಕಿ ಅಂದರು. ಹಾಕಿದೆ. ಕಪ್ಪು ಎರಡು ಒತ್ತಿದರೆ ಕಿವಿಗೆ ಉಪ್ಪು ಬಿದ್ದ ಹಾಗಿತ್ತು. ಒಂದೊಂದೇ ಮನೆ ಕೆಳಗೆ ಇಳಿದರು. ಬಿಳಿ ಎರಡು, ಕಪ್ಪು ಒಂದು, ಬಿಳಿ ಒಂದು. ಅಲ್ಲಿ ನಿಂತರು.

"ಮೂರು ಮನೆ ಇಳಿದಿದೆ. ಮೂರಕ್ಕಿಂತ ಚೂರು ಜಾಸ್ತಿನೇ. ಮನ್ಸೂರರ ಪ್ಲೇಟು ಹಾಕಿದ್ರೆ ಊಟ ಮಾಡಿ ಮಲಗೋ ಹೊತ್ತಲ್ಲಿ ಎಬ್ಬಿಸಿ ಹಾಡಿಸಿದ ಹಾಗಿದೆ."

ನನಗೆ ಸೋಲ್ಡರ್ ಸುಟ್ಟ ವಾಸನೆಯಲ್ಲೇ ಯಾವ ಪಾರ್ಟು ಹೋಗಿದೆ ಅಂತ ಗೊತ್ತಾಗುತ್ತೆ. ಶ್ರುತಿ ಗೊತ್ತಾಗಲ್ಲ. ಆದರೂ ಲೆಕ್ಕ ಗೊತ್ತು. ಹಾರ್ಮೋನಿಯಂನಲ್ಲಿ ಕಪ್ಪು ಬಿಳಿ ಸೇರಿಸಿ ಒಂದೊಂದು ಮನೆಗೂ ಸುಮಾರು 6% ಅಂತರ. ಮೂರು ಮನೆ ಅಂದರೆ ಸ್ಪೀಡ್ 16%ಗಿಂತ ಚೂರು ಜಾಸ್ತಿ ಕಮ್ಮಿಯಾಗಿದೆ ಅಂತ. ಇದು ಸಣ್ಣ ವ್ಯತ್ಯಾಸ ಅಲ್ಲ. 22 ನಿಮಿಷದ ಒಂದು ಬದಿ 26 ನಿಮಿಷ ದಾಟುತ್ತೆ. ಆದರೆ ಪಟ್ಟೆ ಮಾತ್ರ ನಿಂತೇ ಇದೆ! ಮೇಷ್ಟ್ರ ಎದುರಿಗೇ ಮತ್ತೆ ಕಾರ್ಡ್ ಇಟ್ಟು ತೋರಿಸಿದೆ. ಅವರು ಕಾರ್ಡನ್ನು ನೋಡಿದರು, ನನ್ನನ್ನು ನೋಡಿದರು, ಹಾರ್ಮೋನಿಯಂ ಮೇಲೆ ಕೈ ಇಟ್ಟರು. "ಇದು ಸುಳ್ಳು ಹೇಳಲ್ಲಪ್ಪ," ಅಂದರು.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿದ್ದನ್ನು ಹೇಳ್ತೀನಿ. ಟರ್ನ್‌ಟೇಬಲ್ ರಿಪೇರಿಯಲ್ಲಿ ಅರ್ಧ ಕೆಲಸ ಇದೇ. ತಪ್ಪು ಎಷ್ಟಿದೆ ಅನ್ನೋದಕ್ಕಿಂತ ತಪ್ಪಿನ ನಡತೆ ಹೇಗಿದೆ ಅನ್ನೋದು ಮುಖ್ಯ. ಬೆಲ್ಟ್ ಜಾರಿದರೆ ಸ್ಪೀಡ್ ಒಂದೇ ಸಮ ಇರಲ್ಲ, ಹತ್ತಿ ಇಳಿದು ಮಾಡುತ್ತೆ. ಬೇರಿಂಗ್ ಬಿಗಿಯಾದರೂ ಹಾಗೇ. ಹಳೇ ಕಾಲದ ಐಡ್ಲರ್ ಪ್ಲೇಯರ್‌ಗಳಲ್ಲಿ ಮೋಟಾರಿಗೂ ತಟ್ಟೆಗೂ ನಡುವೆ ರಬ್ಬರ್ ಗಾಲಿ ಇರುತ್ತೆ. ಆ ರಬ್ಬರ್ ಗಟ್ಟಿಯಾಗಿ ನುಣುಪಾದರೆ ಜಾರುತ್ತೆ. ತಿಂಗಳುಗಟ್ಟಲೆ ಒಂದೇ ಕಡೆ ಒತ್ತಿಕೊಂಡು ನಿಂತರೆ ಗುಳಿ ಬಿದ್ದು ಟಕ್ ಟಕ್ ಅನ್ನುತ್ತೆ. ಡಿಸಿ ಮೋಟಾರಿನ ಪ್ಲೇಯರ್ ಆದರೆ ಸ್ಪೀಡ್ ತಿದ್ದೋದಕ್ಕೆ ಒಂದು ಸಣ್ಣ ಪ್ರಿಸೆಟ್ ಇರುತ್ತೆ. ಅದರೊಳಗೆ ಧೂಳು ಕೂತರೆ ಸ್ಪೀಡ್ ಇದ್ದಕ್ಕಿದ್ದ ಹಾಗೆ ನೆಗೆಯುತ್ತೆ. ನಿಮಿಷಕ್ಕೆ 33 ಸುತ್ತಿನ ಸ್ಪೀಡ್ ಹಾಕೋ ಕಡೆ 45 ಹಾಕಿದರೆ ವ್ಯತ್ಯಾಸ 35%. ಇವು ಯಾವುದಕ್ಕೂ ಇದು ಹೊಂದುತ್ತಿಲ್ಲ. ಈ ಮಷೀನ್ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ಬಂಡೆಗಲ್ಲಿನ ಹಾಗೆ ಒಂದೇ ಅಳತೆಯಲ್ಲಿ ಕಮ್ಮಿ ಇದೆ. ಸವೆದ ಪಾರ್ಟು ಇಷ್ಟು ಶಿಸ್ತಾಗಿ ತಪ್ಪು ಮಾಡಲ್ಲ.

ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಟ್ಟೆ. ತಟ್ಟೆ ಅಂಚಿಗೆ ಬಿಳಿ ಸ್ಟಿಕ್ಕರ್ ಚೂರು ಅಂಟಿಸಿದೆ. ಸರಿಯಾದ ಸ್ಪೀಡ್ ನಿಮಿಷಕ್ಕೆ 33⅓ ಸುತ್ತು, ಅಂದರೆ ನೂರು ಸುತ್ತಿಗೆ ಸರಿಯಾಗಿ 180 ಸೆಕೆಂಡ್, ಮೂರು ನಿಮಿಷ. ಅಂಗಡಿ ಹುಡುಗ ಎಣಿಸಿದ, ನಾನು ಗಡಿಯಾರ ನೋಡಿದೆ. ನೂರನೇ ಸುತ್ತಿಗೆ 216 ಸೆಕೆಂಡ್.

180 ಬೈ 216. ಐದು ಬೈ ಆರು. 50 ಬೈ 60.

ಟರ್ನ್‌ಟೇಬಲ್ ಮಗುಚಿ ಹಾಕಿದೆ. ತಳದ ತಗಡಿನ ಮೇಲೆ 117 ವೋಲ್ಟ್, 60 ಸೈಕಲ್ ಅಂತ ಅಚ್ಚಾಗಿದೆ. ಮೊದಲ ದಿನವೂ ಇದನ್ನು ಓದಿದ್ದೆ. ವೋಲ್ಟ್ ಓದಿ, ಟ್ರಾನ್ಸ್‌ಫಾರ್ಮರ್ ಇದೆಯಲ್ಲ ಅಂತ ಸುಮ್ಮನಾಗಿದ್ದೆ. ಪಕ್ಕದ ಅಕ್ಷರ ಕಣ್ಣಿಗೆ ಬಿದ್ದಿದ್ದರೂ ತಲೆಗೆ ಹೋಗಿರಲಿಲ್ಲ.

ಅಮೆರಿಕದ ಕರೆಂಟ್ 60 ಹರ್ಟ್ಜ್ (ಹಳೇ ಹೆಸರು ಸೈಕಲ್), ಅಂದರೆ ಸೆಕೆಂಡಿಗೆ 60 ಸಲ ಹಿಂದೆ ಮುಂದೆ ತೂಗುತ್ತೆ. ನಮ್ಮದು 50. ಈ ಟರ್ನ್‌ಟೇಬಲ್‌ನಲ್ಲಿ ಇರೋದು ಸಿಂಕ್ರನಸ್ ಮೋಟಾರು. ಅದು ವೋಲ್ಟೇಜಿಗೆ ತಲೆ ಕೆಡಿಸಿಕೊಳ್ಳಲ್ಲ, ಕರೆಂಟಿನ ಹರ್ಟ್ಜ್‌ಗೆ ಹೆಜ್ಜೆ ಹಾಕುತ್ತೆ. 24 ಧ್ರುವದ ಮೋಟಾರು ಇದು. 60 ಹರ್ಟ್ಜ್ ಕೊಟ್ಟರೆ ನಿಮಿಷಕ್ಕೆ 300 ಸುತ್ತು, 50 ಕೊಟ್ಟರೆ 250. ತಟ್ಟೆ 33⅓ರ ಬದಲು 27.8ಕ್ಕೆ ತಿರುಗುತ್ತೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತೆ ಅಷ್ಟೇ, ಹರ್ಟ್ಜನ್ನು ಮುಟ್ಟಲ್ಲ. ಮೇಷ್ಟ್ರಿಗೆ ಹೇಳೋವಾಗ ಅವರ ಭಾಷೆಯಲ್ಲೇ ಹೇಳಿದೆ: "ದನಿ ಸಣ್ಣದು ಮಾಡಬಹುದು ಮೇಷ್ಟ್ರೇ, ತಬಲದವನು ಹಿಡಿದ ಲಯ ಬದಲಾಗಲ್ಲ." ಸ್ಟೆಬಿಲೈಸರ್ ಕಥೆಯೂ ಅದೇ. ವೋಲ್ಟೇಜ್ 200 ಇದ್ದರೂ 240 ಇದ್ದರೂ ಈ ಮೋಟಾರು ನಿಮಿಷಕ್ಕೆ 250 ಸುತ್ತೇ ತಿರುಗೋದು.

ಹಾಗಾದರೆ ಪಟ್ಟೆ ಯಾಕೆ ನಿಂತಿತ್ತು? ನನಗೆ ಆವತ್ತು ರಾತ್ರಿ ನಿದ್ದೆ ಕೆಡಿಸಿದ್ದು ಇದೇ. ಎದ್ದು ಕೂತು ಕಾರ್ಡಿನ ಪಟ್ಟೆ ಎಣಿಸಿದೆ. 216. ನಮ್ಮ ದೇಶಕ್ಕೆ ಬೇಕಾದ ಕಾರ್ಡಿನಲ್ಲಿ 180 ಪಟ್ಟೆ ಇರಬೇಕು. ನಮ್ಮ ಟ್ಯೂಬ್‌ಲೈಟ್ ಕರೆಂಟಿನ ಒಂದೊಂದು ತೂಗಿಗೆ ಎರಡು ಸಲದಂತೆ ಸೆಕೆಂಡಿಗೆ 100 ಸಲ ಮಿನುಗುತ್ತೆ, ನಿಮಿಷಕ್ಕೆ 6,000. 180 ಪಟ್ಟೆಯ ಕಾರ್ಡ್ 33⅓ ಸುತ್ತಿಗೆ ನಿಮಿಷಕ್ಕೆ 6,000 ಪಟ್ಟೆ ದಾಟಿಸುತ್ತೆ, ಅದಕ್ಕೇ ನಿಂತ ಹಾಗೆ ಕಾಣುತ್ತೆ. ಈಗ 216 ಪಟ್ಟೆಯ ಅಮೆರಿಕದ ಕಾರ್ಡನ್ನು 27.78 ಸ್ಪೀಡಿನಲ್ಲಿ ತಿರುಗಿಸಿ. ಗುಣಿಸಿ ನೋಡಿ, ಅದೂ 6,000! ಮೋಟಾರು ಆರಕ್ಕೆ ಐದಾಗಿ ನಿಧಾನ ಆಗಿದೆ, ಟ್ಯೂಬ್‌ಲೈಟೂ ಅಮೆರಿಕದ ಲೆಕ್ಕಕ್ಕಿಂತ ಅಷ್ಟೇ ನಿಧಾನ ಮಿನುಗಿದೆ. ಕಳ್ಳನೂ ಸಾಕ್ಷಿಯೂ ಒಂದೇ ಊರಿನ ಬಸ್ಸಿನಲ್ಲಿ ಬಂದವರು. ಅಮೆರಿಕದ ಕಾರ್ಡಿಟ್ಟು ಇಲ್ಲಿ ಎಷ್ಟು ಸಲ ನೋಡಿದರೂ ಅದು "ಸರಿ ಇದೆ" ಅಂತಲೇ ಹೇಳ್ತಾ ಇರುತ್ತೆ.

ಸರಿಯಾದ 180 ಪಟ್ಟೆಯ ಕಾರ್ಡ್ ಇಟ್ಟರೂ ಈ ತೊಡಕು ಪೂರ್ತಿ ಹೋಗಲ್ಲ. ಗ್ರಿಡ್ಡಿನ ಹರ್ಟ್ಜ್ ಕುಸಿದರೆ ಮೋಟಾರೂ ದೀಪವೂ ಒಟ್ಟಿಗೇ ಕುಸಿಯುತ್ತವೆ, ಪಟ್ಟೆ ನಿಂತೇ ಇರುತ್ತೆ. ಹಿಂದೆ ದಕ್ಷಿಣದ ಗ್ರಿಡ್ ಬೇರೆಯೇ ಇದ್ದ ಕಾಲದಲ್ಲಿ ಬೇಸಿಗೆಯ ಲೋಡಿಗೆ 48ರ ಕಡೆ ಜಾರುತ್ತಿದ್ದದ್ದು ಉಂಟು. 48 ಅಂದರೆ 4% ಕಮ್ಮಿ, ಮುಕ್ಕಾಲು ಮನೆ ಶ್ರುತಿ. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಮೂಲಕ ದಕ್ಷಿಣವೂ ದೇಶದ ಗ್ರಿಡ್ಡಿಗೆ ಸೇರಿತು. ಈಗ ನಿಯಮದ ಪ್ರಕಾರ ಇರಬೇಕಾದ್ದು 49.90ರಿಂದ 50.05ರ ಒಳಗೆ. ನಮ್ಮ ಕೆಲಸಕ್ಕೆ ಅದು ಧಾರಾಳ ಸಾಕು.

ಮಾರನೆ ದಿನ ಬೆಳಿಗ್ಗೆ ಇದನ್ನೆಲ್ಲ ಹುಡುಗನಿಗೆ ವಿವರಿಸುತ್ತಿದ್ದೆ. ಅವನು ತನ್ನ ಫೋನನ್ನು ತಟ್ಟೆಯ ನಡುವೆ ಇಟ್ಟು ಸ್ವಿಚ್ ಹಾಕಿದ. ಜೈರೋಸ್ಕೋಪ್ ಬಳಸಿ ಸುತ್ತು ಅಳೆಯೋ ಆ್ಯಪ್ ಅಂತೆ. 27.8 ಅಂತ ತೋರಿಸಿತು.

"ಮೊದಲನೇ ದಿನಾನೇ ಯಾಕೋ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ ಸಾರ್."

ಇನ್ನು ರಿಪೇರಿ. ದಾರಿ ನಾಲ್ಕಿದ್ದವು. ಕಂಪನಿಯವರು 50 ಹರ್ಟ್ಜ್ ದೇಶಗಳಿಗೆ ಅಂತ ಬೇರೆ ಪುಲ್ಲಿ ಮಾಡಿರುತ್ತಾರೆ, ಮೋಟಾರು ಅದೇ. ವಿದೇಶದಿಂದ ತರಿಸಬಹುದು, ಆದರೆ ಈ ಮಾಡಲ್ಲಿಗೆ ಸಿಕ್ಕುತ್ತಾ, ಸಿಕ್ಕಿದರೂ ಯಾವಾಗ ಬರುತ್ತೆ? ಇನ್ನೊಂದು, 60 ಹರ್ಟ್ಜ್ ಹುಟ್ಟಿಸೋ ಸರ್ಕ್ಯೂಟ್ ಕಟ್ಟೋದು. ಆಸಿಲೇಟರ್, ಸಣ್ಣ ಆಂಪ್ಲಿಫೈಯರ್, ಒಂದು ಟ್ರಾನ್ಸ್‌ಫಾರ್ಮರ್. ಈ ಮೋಟಾರು ಎಳೆಯೋದು ಹತ್ತು ವ್ಯಾಟಿನ ಆಸುಪಾಸು, ಹಾಗಾಗಿ ಕಷ್ಟ ಏನಲ್ಲ. ಇಂಜಿನಿಯರ್ ಮನಸ್ಸಿಗೆ ಇದೇ ಸರಿ ಅನ್ನಿಸುತ್ತೆ, ನನಗೂ ಅನ್ನಿಸಿತು. ಆದರೆ ಎಪ್ಪತ್ತು ದಾಟಿದವರ ಮನೆಯಲ್ಲಿ ಇನ್ನೊಂದು ಡಬ್ಬ, ಇನ್ನೊಂದು ವೈರು, ನಾಳೆ ಅದೇ ಕೆಟ್ಟರೆ ನಾನೇ ಓಡಬೇಕು. ಮೂರನೆಯದು, ಕ್ಯಾಸೆಟ್ ಡೆಕ್ಕಿನ 12 ವೋಲ್ಟ್ ಡಿಸಿ ಮೋಟಾರು ಕೂರಿಸೋದು. ಅಗ್ಗ. ಆದರೆ 2,400 ಸುತ್ತಿನ ಆ ಮೋಟಾರಿನ ಗುಂಯ್ ಸದ್ದು ಸ್ಪೀಕರಿನಲ್ಲಿ ಕೇಳುತ್ತೆ. ಇಂಥ ಮಷೀನಿಗೆ ಅದನ್ನು ಹಾಕೋದು ಅಂದರೆ ನನಗೆ ಮನಸ್ಸು ಬರಲಿಲ್ಲ. ಉಳಿದದ್ದು ನಾಲ್ಕನೆಯದು. ದೊಡ್ಡ ಪುಲ್ಲಿ ಕಡೆಸೋದು. ಲೇತಿಗೆ ದಾವಣಗೆರೆಯಲ್ಲಿ ಬರವೇ? ಹತ್ತಿ ಮಿಲ್ಲುಗಳ ಊರು ಇದು. ಮಿಲ್ಲು ನಿಂತರೂ ಲೇತು ನಿಂತಿಲ್ಲ.

ಹಳೇ ಪೇಟೆ ಕಡೆ ನನಗೆ ಗೊತ್ತಿರೋ ಒಬ್ಬ ಭಾಯ್ ಇದ್ದಾರೆ. ಒಂದೇ ರೂಮು, ಒಂದೇ ಲೇತು. ದಿನವಿಡೀ ಪಂಪ್‌ಸೆಟ್ ಶಾಫ್ಟು, ಹಿಟ್ಟಿನ ಗಿರಣಿ ಪುಲ್ಲಿ. ಅಮೆರಿಕದ ಪುಲ್ಲಿಯನ್ನು ಕೈಗಿಟ್ಟಾಗ ಬೆಳಕಿಗೆ ಹಿಡಿದು ನಕ್ಕರು. "ಇದೇನಣ್ಣ, ಕಿವಿ ಓಲೆ ಇದ್ದಂಗಿದೆ!"

ಆ ಪುಲ್ಲಿಗೆ ಎರಡು ಮೆಟ್ಟಿಲು. ಸಣ್ಣದು 33ಕ್ಕೆ, ದೊಡ್ಡದು 45ಕ್ಕೆ. ವರ್ನಿಯರ್ ಹಿಡಿದರೆ ಸಣ್ಣದು 13.46 ಮಿಲಿಮೀಟರ್. ನಾನು ಮನೆಯಲ್ಲೇ ಲೆಕ್ಕ ಮಾಡಿಕೊಂಡು ಹೋಗಿದ್ದೆ. ಮೋಟಾರು ಆರಕ್ಕೆ ಐದು ನಿಧಾನ, ಪುಲ್ಲಿ ಐದಕ್ಕೆ ಆರು ದಪ್ಪ. 1.2ರಿಂದ ಗುಣಿಸಿದರೆ 16.15. ಚೀಟಿಯಲ್ಲಿ ಬರೆದು ಕೊಟ್ಟೆ.

ಭಾಯ್ ಪುಲ್ಲಿಯನ್ನು ಉಗುರಿನಿಂದ ಸವರಿ, "ಇದಕ್ಕೆ ಹೊಟ್ಟೆ ಇದೆ, ನೋಡಿದ್ರಾ?" ಅಂದರು. ನಿಜ. ಪುಲ್ಲಿಯ ಮೈ ಚಪ್ಪಟೆ ಅಲ್ಲ, ನಡುವೆ ಕಣ್ಣಿಗೆ ಕಾಣದಷ್ಟು ಉಬ್ಬು. ಚಪ್ಪಟೆ ಬೆಲ್ಟ್ ಯಾವಾಗಲೂ ಎತ್ತರದ ಕಡೆಗೇ ಹತ್ತುತ್ತೆ. ಅದಕ್ಕೇ ನಡು ಉಬ್ಬಿದ್ದರೆ ಬೆಲ್ಟ್ ನಡುವೆಯೇ ಕೂರುತ್ತೆ. ಇಲ್ಲದಿದ್ದರೆ ಅಂಚಿಗೆ ಸರಿದು ಕಳಚುತ್ತೆ. ಗಿರಣಿ ಪುಲ್ಲಿಗೂ ಇದೇ ಶಾಸ್ತ್ರ. ನಾನು ಪಾಠ ಹೇಳಿಕೊಡೋದಕ್ಕೆ ಹೋಗಿದ್ದೆ, ಹೇಳಿಸಿಕೊಂಡು ಬಂದೆ.

ಹಿತ್ತಾಳೆ ಸರಳಿನ ತುಂಡನ್ನು ಚಕ್ಕಿಗೆ ಕಚ್ಚಿಸಿದರು. ಮೊದಲು ಮೈ ಕಡೆದು, ಚಕ್ ಬಿಚ್ಚದೆ ಅದೇ ಕಟ್ಟಿನಲ್ಲಿ ನಡುವಿನ ತೂತು ಕೊರೆದರು. ಇದನ್ನು ನಾನು ಹೇಳಬೇಕಾಗಿ ಬರಲಿಲ್ಲ. ಬಿಚ್ಚಿ ತಿರುಗಿಸಿ ಕಚ್ಚಿಸಿದರೆ ತೂತು ನಡುವಿನಿಂದ ಚೂರು ಸರಿಯುತ್ತೆ. ಇಷ್ಟು ಸಣ್ಣ ಪುಲ್ಲಿಯಲ್ಲಿ ಕೂದಲೆಳೆ ಸರಿದರೂ ಮೋಟಾರಿನ ಒಂದೊಂದು ಸುತ್ತಿಗೂ ಹಾಡು ನಡುಗುತ್ತೆ. ಶಾಫ್ಟ್ ಇಂಚಿನ ಎಂಟನೇ ಒಂದು ಭಾಗ, 3.175 ಮಿಲಿಮೀಟರ್. 3.2ರ ಡ್ರಿಲ್ ಹಾಕಿದರೆ ಸಡಿಲ. ಸ್ವಲ್ಪ ಕಮ್ಮಿ ಕೊರೆದು, ರೀಮರ್‌ನಲ್ಲಿ ಬಿಡಿಸಿ, ಶಾಫ್ಟಿಗೆ ಹಾಕಿ ತೆಗೆದು, ಮತ್ತೆ ಬಿಡಿಸಿ ಅಂತ ಅದಕ್ಕೇ ಮುಕ್ಕಾಲು ಗಂಟೆ ಹೋಯಿತು. ಅಷ್ಟರಲ್ಲಿ ಮಂಡಕ್ಕಿ ಮೆಣಸಿನಕಾಯಿ ಬಂತು, ತಿಂದೆವು.

ಅಂಗಡಿಗೆ ಬಂದು ಪುಲ್ಲಿ ಹಾಕಿ, ಸ್ಟಿಕ್ಕರ್ ಎಣಿಸಿದೆ. ನೂರು ಸುತ್ತಿಗೆ 181.4 ಸೆಕೆಂಡ್. ಕಂಪ್ಯೂಟರ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ದ 180 ಪಟ್ಟೆಯ ಕಾರ್ಡ್ ಇಟ್ಟೆ. ಪಟ್ಟೆ ಹಿಂದಕ್ಕೆ ತೆವಳುತ್ತಿದೆ. ಮುಕ್ಕಾಲು ಪರ್ಸೆಂಟ್ ಕಮ್ಮಿ. ಬೇರೆ ಗಿರಾಕಿ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಹಾರ್ಮೋನಿಯಂ ಹೊತ್ತು ತರೋ ಗಿರಾಕಿಗೆ ಮುಕ್ಕಾಲು ಪರ್ಸೆಂಟ್ ಅಂದರೆ ಮನೆಯ ಎಂಟನೇ ಒಂದು ಭಾಗ. ಅವರು ಹಿಡಿದೇ ಹಿಡಿಯುತ್ತಾರೆ.

ವರ್ನಿಯರ್ ಹಿಡಿದರೆ ಪುಲ್ಲಿ ಸರಿಯಾಗಿ 16.15 ಇದೆ. ಭಾಯ್‌ಗೆ ಫೋನ್ ಮಾಡಿದೆ. ಆ ಕಡೆಯಿಂದ ಒಂದೇ ಪ್ರಶ್ನೆ: "ಬೆಲ್ಟಿನ ದಪ್ಪ ಲೆಕ್ಕಕ್ಕೆ ಹಿಡಿದಿದ್ರಾ ಅಣ್ಣ?"

ಹಿಡಿದಿರಲಿಲ್ಲ. ಬೆಲ್ಟ್ ಪುಲ್ಲಿ ಮೇಲೆ ಬಾಗಿದಾಗ ಹೊರಮೈ ಎಳೆದುಕೊಳ್ಳುತ್ತೆ, ಒಳಮೈ ಕುಗ್ಗುತ್ತೆ. ಬೆಲ್ಟಿನ ನಿಜವಾದ ವೇಗ ಅದರ ದಪ್ಪದ ನಡುಗೆರೆಯದ್ದು. ಅಂದರೆ ಪುಲ್ಲಿಯ ಅಳತೆಗೆ ಎರಡೂ ಬದಿ ಅರ್ಧರ್ಧ ದಪ್ಪ ಸೇರಿಸಬೇಕು. ಬೆಲ್ಟ್ 0.6 ಮಿಲಿಮೀಟರ್. ಒಳತಟ್ಟೆ 126 ಮಿಲಿಮೀಟರ್, ಅಷ್ಟು ದೊಡ್ಡ ಗಾಲಿಗೆ 0.6 ಲೆಕ್ಕಕ್ಕೇ ಬರಲ್ಲ. ಬೆರಳು ಗಾತ್ರದ ಪುಲ್ಲಿಗೆ ಅದೇ ದೊಡ್ಡದು. ನಾನು ಬರೀ ಪುಲ್ಲಿಯನ್ನು 1.2ರಿಂದ ಗುಣಿಸಿದ್ದೆ, ಬೆಲ್ಟಿನ ದಪ್ಪ ಮಾತ್ರ ಹಾಗೇ ಇತ್ತು. ಸರಿಯಾದ ಲೆಕ್ಕ ಹೀಗೆ: 250 ಸುತ್ತಿನಿಂದ 33⅓ಕ್ಕೆ ಇಳಿಸಬೇಕು, ಅಂದರೆ ಏಳೂವರೆ ಪಟ್ಟು. 126.6ನ್ನು 7.5ರಿಂದ ಭಾಗಿಸಿದರೆ 16.88. ಅದರಲ್ಲಿ 0.6 ಕಳೆದರೆ 16.28. ನಾನು ಕೊಟ್ಟದ್ದಕ್ಕಿಂತ 0.13 ಜಾಸ್ತಿ. 45ರ ಮೆಟ್ಟಿಲಿಗೂ ಹೀಗೇ ಮಾಡಿದರೆ 22.19.

ಹೊಸದು ಕಡೆಸೋ ಮುಂಚೆ ಲೆಕ್ಕ ನಿಜವಾ ಅಂತ ನೋಡೋಣ ಅನ್ನಿಸಿತು. ಪುಲ್ಲಿಗೆ ಸೆಲ್ಲೋ ಟೇಪ್ ಒಂದೇ ಸುತ್ತು ಸುತ್ತಿದೆ. ಟೇಪ್ ದಪ್ಪ ಸುಮಾರು 0.05, ಎರಡೂ ಬದಿ ಸೇರಿ 0.1. ನೂರು ಸುತ್ತಿಗೆ 180.3 ಸೆಕೆಂಡ್ ಬಂತು. ಇಷ್ಟಕ್ಕೇ ಬಿಡಬಹುದಲ್ವಾ ಅಂತ ನೀವು ಕೇಳಬಹುದು, ಹುಡುಗನೂ ಕೇಳಿದ. ಟೇಪಿನ ಎರಡು ತುದಿ ಸೇರೋ ಜಾಗದಲ್ಲಿ ಒಂದು ಗೆರೆ ಇರುತ್ತೆ. ಪುಲ್ಲಿ ಸೆಕೆಂಡಿಗೆ ನಾಲ್ಕು ಸುತ್ತು ಬರುತ್ತೆ, ಬೆಲ್ಟ್ ನಾಲ್ಕು ಸಲ ಆ ಗೆರೆ ದಾಟುತ್ತೆ. ತಂಬೂರಿಯಂಥ ನಿಂತ ಸ್ವರದಲ್ಲಿ ಅದು ನನ್ನ ಕಿವಿಗೂ ನಡುಕವಾಗಿ ಕೇಳಿತು. ಪರೀಕ್ಷೆಗೆ ಟೇಪು ಒಳ್ಳೆಯದು, ರಿಪೇರಿಗೆ ಅಲ್ಲ.

ಭಾಯ್ ಎರಡನೇ ಪುಲ್ಲಿ ಕಡೆದುಕೊಟ್ಟರು. ಮೊದಲನೆಯದಕ್ಕೆ 400 ತಗೊಂಡಿದ್ದವರು ಇದಕ್ಕೆ ಹಿತ್ತಾಳೆ ದುಡ್ಡು ಮಾತ್ರ ತಗೊಂಡರು. "ಚೀಟಿ ನಿಮ್ದು, ಅದಕ್ಕೇ ಅರ್ಧ ತಪ್ಪು ನಿಮ್ದು. ಕೇಳ್ದೆ ಕಡೆದೆ ನೋಡಿ, ಇನ್ನರ್ಧ ನಂದು," ಅಂತ. ಪುಲ್ಲಿ ಹಾಕಿ ಎಣಿಸಿದರೆ 180.1. ನನ್ನ ಹೆಬ್ಬೆರಳು ಸ್ಟಾಪ್‌ವಾಚ್ ಒತ್ತೋದರಲ್ಲೇ ಅಷ್ಟು ಹೆಚ್ಚುಕಮ್ಮಿ ಆಗುತ್ತೆ. ಹುಡುಗನ ಫೋನಿನಲ್ಲಿ 33.3.

ಒಂದು ಕೆಲಸ ಬಾಕಿ ಇತ್ತು. ಮೋಟಾರಿನ ಮೇಲೆ ಕೈ ಇಟ್ಟರೆ ಇಡೋದಕ್ಕೆ ಆಗುತ್ತಿರಲಿಲ್ಲ, ಅಷ್ಟು ಬಿಸಿ. ಜೊತೆಗೆ ಗುಂಯ್ ಅನ್ನೋ ಸದ್ದು. 60 ಹರ್ಟ್ಜ್‌ಗೆ ಸುತ್ತಿದ ಕಾಯಿಲ್ಲಿಗೆ ಅದೇ ವೋಲ್ಟೇಜನ್ನು 50 ಹರ್ಟ್ಜ್‌ನಲ್ಲಿ ಕೊಟ್ಟರೆ ಜಾಸ್ತಿ ಕರೆಂಟ್ ಎಳೆಯುತ್ತೆ, ಒಳಗಿನ ಕಬ್ಬಿಣ ಅಯಸ್ಕಾಂತ ಶಕ್ತಿಯಿಂದ ತುಂಬಿಹೋಗುತ್ತೆ. ಹರ್ಟ್ಜ್ ಇಳಿದಷ್ಟೇ ವೋಲ್ಟೇಜೂ ಇಳಿಯಬೇಕು. 117ರ ಆರನೇ ಐದು ಭಾಗ, 97.5. ಮೇಷ್ಟ್ರ ಟ್ರಾನ್ಸ್‌ಫಾರ್ಮರ್ ರಾತ್ರಿ ಹೊತ್ತು 118 ಕೊಡುತ್ತಿತ್ತು. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 100 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್ ಒಂದನ್ನು ಸುತ್ತಿಸಿ ಹಾಕಿದೆ. ಒಂದು ಗಂಟೆ ಓಡಿಸಿದ ಮೇಲೂ ಮೋಟಾರು ಬೆಚ್ಚಗಷ್ಟೇ ಇತ್ತು. ಗುಂಯ್ ಅನ್ನೋದೂ ಕಿವಿ ಹತ್ತಿರ ಇಟ್ಟರೆ ಮಾತ್ರ.

ಮೇಷ್ಟ್ರ ಮನೆಗೆ ನಾನೇ ತಗೊಂಡು ಹೋದೆ. ವಚನದ ಪ್ಲೇಟು ಹಾಕಿದರು, ಕಪ್ಪು ಎರಡು ಒತ್ತಿದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ತಿದಿ ಹಾಕುತ್ತಲೇ ಇದ್ದರು. ಏನೂ ಹೇಳಲಿಲ್ಲ. ಒಳಗೆ ಹೋಗಿ ಕಾಫಿಗೆ ಹೇಳಿ ಬಂದರು.

ಆಮೇಲೆ ಇನ್ನೊಂದು ಪ್ಲೇಟು ಹಾಕಿ, "ಇದು ಮಾತ್ರ ಕೊನೆ ಕೊನೆಗೆ ತೂಗಾಡುತ್ತಲ್ಲ?" ಅಂದರು. ಬಗ್ಗಿ, ಸೂಜಿ ಹಿಡಿದಿರೋ ಆರ್ಮ್ ನೋಡಿದೆ. ಪ್ಲೇಟಿನ ಒಂದೊಂದು ಸುತ್ತಿಗೂ ಎಡಕ್ಕೆ ಬಲಕ್ಕೆ ತೂಗುತ್ತಿದೆ. ಇದು ಮಷೀನಿನ ತಪ್ಪಲ್ಲ. ಪ್ಲೇಟಿನ ತೂತೇ ನಡುವಿನಲ್ಲಿಲ್ಲ. ಅರ್ಧ ಮಿಲಿಮೀಟರ್ ಸರಿದಿದ್ದರೂ ಸಾಕು, ಒಳಗಿನ ಗೆರೆಗಳಲ್ಲಿ ಶ್ರುತಿ ಮುಕ್ಕಾಲು ಪರ್ಸೆಂಟಿಗಿಂತ ಜಾಸ್ತಿ ಮೇಲೆ ಕೆಳಗೆ ಆಗುತ್ತೆ. ಹೊರಗಿನ ಗೆರೆ ದೊಡ್ಡ ಸುತ್ತು, ಅಲ್ಲಿ ಅಷ್ಟು ಗೊತ್ತಾಗಲ್ಲ. ತೂತನ್ನು ಚೂರು ಅಗಲ ಮಾಡಿ ಕೈಯಲ್ಲೇ ನಡುವಿಗೆ ಸರಿಸಿಟ್ಟರೆ ಸರಿಹೋಗುತ್ತೆ ಅಂದೆ. "ಪ್ಲೇಟಿಗೆ ಕತ್ತರಿ ಹಾಕೋದು ಬೇಡ," ಅಂದರು. ಬಿಟ್ಟೆ.

ಎದ್ದು ಹೊರಡೋ ಮುಂಚೆ ಹಳೇ ಪುಲ್ಲಿಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿ, ಟರ್ನ್‌ಟೇಬಲ್‌ನ ಹೊಟ್ಟೆಯೊಳಗೆ ಟೇಪಿನಿಂದ ಅಂಟಿಸಿದೆ. ಮೇಲೆ ಚೀಟಿ: "ಅಮೆರಿಕಕ್ಕೆ ವಾಪಸ್ ಹೋದರೆ ಇದನ್ನೂ ಹಳೇ ವೋಲ್ಟೇಜನ್ನೂ ಹಾಕಬೇಕು." ಮೇಷ್ಟ್ರು ಕನ್ನಡಕ ಏರಿಸಿಕೊಂಡು ಓದಿದರು.

"ಹಾಕದಿದ್ರೆ?"

"33ರ ಬದಲು 40ಕ್ಕೆ ತಿರುಗುತ್ತೆ ಮೇಷ್ಟ್ರೇ."

"ಅಯ್ಯೋ, ಅಲ್ಲಿ ಮನ್ಸೂರರು ಬಸ್ಸು ತಪ್ಪಿಹೋಗುತ್ತೆ ಅಂತ ಓಡ್ತಾರೆ ಅನ್ನಿ," ಅಂತ ನಗುತ್ತಾ ಚೀಟಿಯನ್ನು ಮತ್ತೆ ಅಂಟಿಸಿದರು.